ಬಿ.ಎಡ್ ಮಾಡೋರಿಗೆ ಗ್ರೂಪ್ ಬೇಕಾದಷ್ಟಿವೆ, ಪಾಠದ ಮಾತಾಡೋರು ಬೇಕು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಕಾಲಂನಲ್ಲಿ ನಿವೃತ್ತ ಮೇಷ್ಟ್ರೊಬ್ರು ಬರೆದಿದ್ರು, ಅವ್ರ ಊರಿನ ಹೈಸ್ಕೂಲಿಗೆ ಇಂಟರ್ನ್‌ಶಿಪ್ಪಿಗೆ ಅಂತ ಬಂದಿರೋ ಬಿ.ಎಡ್ ಹುಡುಗ್ರು ಹುಡುಗೀರು ಪೀರಿಯಡ್ ಇಲ್ದಾಗ ಸ್ಟಾಫ್ ರೂಮಲ್ಲಿ ತಲೆ ಬಗ್ಗಿಸ್ಕೊಂಡು ಬರೀ ಮೊಬೈಲ್ ನೋಡ್ತಾ ಕೂತಿರ್ತಾರೆ, ಇಂಥೋರು ನಾಳೆ ಮಕ್ಕಳಿಗೆ ಏನು ಕಲಿಸ್ತಾರೆ ಅಂತ. ನಾನು ದಾವಣಗೆರೆಲಿ ಬಿ.ಎಡ್ ಎರಡನೇ ವರ್ಷ ಓದ್ತಿದೀನಿ, ಊರು ಜಗಳೂರು ತಾಲೂಕು, ಮೆಥಡ್ಡು, ಅಂದ್ರೆ ಕಲಿಸೋಕೆ ತಯಾರಾಗ್ತಿರೋ ವಿಷಯ, ಫಿಸಿಕ್ಸ್ ಮ್ಯಾಥ್ಸು. ಅವ್ರು ಬರೆದಿದ್ದಕ್ಕೆ ಸಿಟ್ಟೇನೂ ಬರ್ಲಿಲ್ಲ, ಅರ್ಧ ನಿಜಾನೇ. ಅದೇ ಫೋನಲ್ಲಿ ಬೇರೆ ಊರಿನ ಶಿಕ್ಷಕರ ಜೊತೆ ಪಾಠದ ಮಾತಾಡಿ ಕಲಿಯೋ ಜಾಲ ಕಟ್ಕೋಬಹುದು ಅನ್ನೋ ಇನ್ನರ್ಧ ಅವ್ರಿಗೆ ಕಾಣ್ಸಿಲ್ಲ, ಅದನ್ನ ಯಾರಾದ್ರೂ ಬರೀಲಿ ಅಂತ ಕಾದೆ, ಯಾರೂ ಬರೀಲಿಲ್ಲ, ಅದಕ್ಕೆ ನಾನೇ ಬರೀತಿದೀನಿ. ಪತ್ರ ಉದ್ದ ಆಗುತ್ತೆ, ಕತ್ತರಿ ಹಾಕೋದಾದ್ರೆ ಮೊದಲಿನ ಭಾಗಕ್ಕೆ ಹಾಕಿ, ಕೊನೇ ಭಾಗ ಮಾತ್ರ ದಯವಿಟ್ಟು ಬಿಡಿ.

ಮೊದ್ಲು ಅವ್ರು ಹೇಳಿದ ಅರ್ಧದ ಬಗ್ಗೆ. ನಮ್ಮ ಫೋನಲ್ಲಿ ಗ್ರೂಪುಗಳಿಗೆ ಬರ ಇಲ್ಲ. ಕಾಲೇಜಿನ ಅಫಿಶಿಯಲ್ ಗ್ರೂಪು, ಸರ್ ಮೇಡಂ ಯಾರೂ ಇಲ್ದಿರೋ ಅದೇ ಕ್ಲಾಸಿನ ಇನ್ನೊಂದು ಗ್ರೂಪು, ಮೆಥಡ್ ಗ್ರೂಪು, ಇಂಟರ್ನ್‌ಶಿಪ್ ಗ್ರೂಪು, ಹಾಸ್ಟೆಲ್ ಗ್ರೂಪು, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಗ್ರೂಪು, ಜಿಪಿಎಸ್‌ಟಿಆರ್ (ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ) ಗ್ರೂಪು, ಮೇಲೆ ಟೆಲಿಗ್ರಾಂನಲ್ಲಿ ಕರೆಂಟ್ ಅಫೇರ್ಸ್ ಚಾನೆಲ್ಲು. ವಾಟ್ಸಾಪಲ್ಲಿ ಈಗ ಒಂದು ಗ್ರೂಪಿಗೆ 1024 ಜನ ಸೇರ್ಬಹುದು, ಟಿಇಟಿ ಗ್ರೂಪುಗಳು ಅಷ್ಟೂ ತುಂಬಿರ್ತವೆ. ಅಷ್ಟು ಜನ ಭಾವಿ ಶಿಕ್ಷಕರು ಒಂದೇ ಕಡೆ ಸೇರಿದಾರೆ ಅಂದ್ರೆ ಏನೇನು ಮಾತಾಡ್ಬೋದಿತ್ತು ನೋಡಿ, ಆದ್ರೆ ಅಲ್ಲಿ ಓಡಾಡೋದು ಏನು ಅಂದ್ರೆ ಕೀ ಆನ್ಸರು, ಸ್ಕಾಲರ್‌ಶಿಪ್ ಕೊನೇ ದಿನಾಂಕ, ನೋಟಿಫಿಕೇಶನ್ ಯಾವಾಗ ಅನ್ನೋ ಗಾಳಿಸುದ್ದಿ, ಯಾರೋ ಸ್ಕ್ಯಾನ್ ಮಾಡಿದ ಅಡ್ಡಡ್ಡ ಪಿಡಿಎಫ್ಫು, ಕೋಚಿಂಗ್ ಸೆಂಟರ್ ಜಾಹೀರಾತು, ಹ್ಯಾಪಿ ಬರ್ತ್‌ಡೇ ಅಕ್ಕ.

ಇದಕ್ಕೆ ನಮ್ಮನ್ನ ಬೈಯೋದೂ ಅಷ್ಟು ಸರಿ ಅಲ್ಲ. ಟಿಇಟಿ 150 ಪ್ರಶ್ನೆ, ಜನರಲ್‌ನೋರಿಗೆ ನೂರಕ್ಕೆ 60 ಬರ್ಲೇಬೇಕು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ ಕರೆದಾಗ ನಮ್ಮ ಊರಲ್ಲಿ ಮನೆಗೊಬ್ರು ಅರ್ಜಿ ಹಾಕಿದ್ರೇನೋ ಅನ್ಸೋ ಹಂಗಿತ್ತು. ಕೆಲ್ಸದ ಚಿಂತೆ ಇರೋನು ಕೀ ಆನ್ಸರ್ ನೋಡ್ದೆ ಇನ್ನೇನು ನೋಡ್ತಾನೆ. ಆದ್ರೆ ಕೆಲ್ಸ ಸಿಕ್ಕ ಮೇಲೆ ಮೂವತ್ತು ವರ್ಷ ಮಾಡ್ಬೇಕಾಗಿರೋದು ಪಾಠ ಅಲ್ವಾ, ಅದರ ಬಗ್ಗೆ, ಈ ದಿನ ಕ್ಲಾಸಲ್ಲಿ ಹಿಂಗಾಯ್ತು, ಮಕ್ಳು ಹಿಂಗಂದ್ರು, ನಿಮಗೂ ಹಿಂಗೇ ಆಗಿತ್ತಾ ಅಂತ ಕೇಳೋ ಒಂದೇ ಒಂದು ಮೆಸೇಜು ಈ ಗ್ರೂಪುಗಳಲ್ಲಿ ಸಿಗಲ್ಲ. ಯಾರಾದ್ರೂ ಕೇಳಿದ್ರೂ ಅದರ ಮೇಲೆ ಹತ್ತು ಪಿಡಿಎಫ್ ಬಂದು ಬಿದ್ದು ಕಾಣ್ದಂಗಾಗುತ್ತೆ.

ಮೇಷ್ಟ್ರುಗಳು ಮೇಷ್ಟ್ರುಗಳಿಂದ ಕಲಿಯೋದು ಇಂಟರ್ನೆಟ್ ಬಂದ ಮೇಲೆ ಶುರುವಾಗಿದ್ದಲ್ಲ. ನಾವೆಲ್ಲ ಒಂದನೇ ಕ್ಲಾಸು ಎರಡನೇ ಕ್ಲಾಸಲ್ಲಿ ಕಾರ್ಡು, ಏಣಿ ಮೆಟ್ಟಿಲು ಅಂತ ನೋಡಿದ ನಲಿಕಲಿ ಇದೆಯಲ್ಲ, ಅದು ಬೆಂಗಳೂರಿನ ಆಫೀಸಲ್ಲಿ ಹುಟ್ಟಿದ್ದಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನ ಪ್ರೈಮರಿ ಶಾಲೆ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಸಣ್ಣ ಸಣ್ಣ ಹಳ್ಳಿ ಶಾಲೆಗಳಲ್ಲಿ ಹೆಂಗೆ ಕಲಿಸ್ತಾರೆ ನೋಡ್ಕೊಂಡು ಬಂದು, ತಮ್ಮತಮ್ಮಲ್ಲೇ ಕೂತು ಮಾತಾಡಿ, ಕಾರ್ಡು ಬರೆದು, ಶಾಲೇಲಿ ಹಾಕಿ ನೋಡಿ, ತಿದ್ದಿ ಕಟ್ಟಿದ್ದು. 2009-10ರಿಂದ ಅದು ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಶಾಲೆಗೂ ಬಂತು. ಮಧ್ಯಪ್ರದೇಶದ ಹೋಶಂಗಾಬಾದಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಲಿಕೆ ಕಾರ್ಯಕ್ರಮದಲ್ಲಂತೂ ಹಳ್ಳಿ ಮೇಷ್ಟ್ರುಗಳು ತಿಂಗಳಿಗೊಮ್ಮೆ ಸೇರಿ ಯಾವ ಪ್ರಯೋಗ ಕೈ ಕೊಡ್ತು ಯಾಕೆ ಕೊಡ್ತು ಅಂತ ಚರ್ಚೆ ಮಾಡೋರು, ಮಕ್ಳು ಸವಾಲಿರಾಮ್ ಅನ್ನೋ ಒಬ್ಬ ಕಾಲ್ಪನಿಕ ಮನುಷ್ಯನಿಗೆ ಕಾಗದ ಬರೆದು ಪ್ರಶ್ನೆ ಕೇಳೋರು, ಉತ್ತರ ಅಂಚೇಲಿ ಬರ್ತಿತ್ತು. ಅಂಚೆ ಕಾರ್ಡಲ್ಲಿ ಆಗಿದ್ದು ಫೋರ್‌ಜಿ ಫೋನಲ್ಲಿ ಆಗಲ್ಲ ಅಂದ್ರೆ ತಪ್ಪು ಫೋನಿಂದಲ್ಲ ಬಿಡಿ.

ನಮ್ಮ ರಾಜ್ಯದಲ್ಲೇ ಆನ್‌ಲೈನಲ್ಲೂ ಆಗಿದೆ. ಶಿಕ್ಷಕರ ತರಬೇತಿ ನೋಡ್ಕೊಳ್ಳೋ ಸರ್ಕಾರಿ ಇಲಾಖೆ ಡಿಎಸ್‌ಇಆರ್‌ಟಿಯವರು ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆ ಸೇರಿ ಹೈಸ್ಕೂಲ್ ಶಿಕ್ಷಕರಿಗೆ ಸಬ್ಜೆಕ್ಟ್ ಟೀಚರ್ ಫೋರಂ ಅಂತ ಗಣಿತಕ್ಕೆ ಬೇರೆ, ವಿಜ್ಞಾನಕ್ಕೆ ಬೇರೆ, ಸಮಾಜಕ್ಕೆ ಬೇರೆ ಇಮೇಲ್ ಗುಂಪು ಮಾಡಿದ್ರು, ಇ-ಮೇಲ್ ಐಡಿನೇ ಇಲ್ದಿದ್ದ ಮೇಷ್ಟ್ರುಗಳು ಐಡಿ ಮಾಡ್ಕೊಂಡು ಕನ್ನಡದಲ್ಲಿ ಟೈಪ್ ಮಾಡೋದು ಕಲ್ತು ಒಬ್ರಿಗೊಬ್ರು ಬರ್ಕೊಂಡ್ರು, ಅವ್ರು ಮಾಡಿದ್ದನ್ನೆಲ್ಲ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅಂತ ವಿಕಿ ಥರ ಒಂದು ಕಡೆ ಹಾಕಿದ್ರು. ನಾನು ಕೋರ್ಸಿಗೆ ಸೇರೋವರೆಗೂ ಇದರ ಹೆಸರೇ ಕೇಳಿರ್ಲಿಲ್ಲ. ಕೇಳಿದ್ದು ಸಿಲಬಸ್ಸಿಂದಲೂ ಅಲ್ಲ, ಇಂಟರ್ನ್‌ಶಿಪ್ ಶಾಲೆಯ ಗಣಿತ ಮೇಡಮ್ಮಿಂದ.

ಈಗ ನನಗೆ ಇದರ ರುಚಿ ಹತ್ತಿದ್ದು ಹೆಂಗೆ ಅಂತ ಹೇಳ್ತೀನಿ, ಇದು ಸ್ವಲ್ಪ ವಿವರವಾಗಿ ಹೇಳಿದ್ರೇ ಅರ್ಥ ಆಗೋದು. ಹತ್ತನೇ ಕ್ಲಾಸಿಗೆ ವಿದ್ಯುಚ್ಛಕ್ತಿ ಪಾಠ ಮಾಡ್ತಿದ್ದೆ, ಸರಣಿ ಜೋಡಣೆ, ಅಂದ್ರೆ ಬಲ್ಬುಗಳನ್ನ ಒಂದೇ ದಾರೀಲಿ ಒಂದರ ಹಿಂದೆ ಒಂದು ಜೋಡಿಸೋದು. ಎರಡು ಟಾರ್ಚ್ ಬಲ್ಬು, ಸೆಲ್ಲು, ವೈರು, ಎಲ್ಲಾ ಪೇಟೆಯಿಂದ ನಾನೇ ತಗೊಂಡು ಹೋಗಿದ್ದೆ. ಸರಣಿಯಲ್ಲಿ ಎಲ್ಲಾ ಕಡೆ ಒಂದೇ ವಿದ್ಯುತ್ ಪ್ರವಾಹ ಅಂತ ಬೋರ್ಡ್ ಮೇಲೆ ಬರೆದು ಸ್ವಿಚ್ ಹಾಕಿದ್ರೆ ಒಂದು ಬಲ್ಬು ಜೋರಾಗಿ ಉರೀತು, ಇನ್ನೊಂದು ಮಿಣಿಮಿಣಿ ಅಂತು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, ನೋಡಿ ಮಿಸ್, ಮೊದಲನೇದಕ್ಕೆ ಕರೆಂಟ್ ಮೊದ್ಲು ಸಿಕ್ತು, ಅದು ಜಾಸ್ತಿ ತಿಂದ್ಬಿಡ್ತು, ಉಳಿದಿದ್ದು ಎರಡನೇದಕ್ಕೆ, ನೀವು ಬರೆದಿರೋದೇ ಬೇರೆ ಆಗ್ತಿರೋದೇ ಬೇರೆ ಅಂದ. ಇಡೀ ಕ್ಲಾಸು ಅವನ ಕಡೆ. ನಮ್ಮೂರ ಕಡೆ ಕೆರೆ ನೀರು ಕಾಲುವೇಲಿ ಬರೋವಾಗ ಮೇಲಿನ ಹೊಲದೋರು ತಗೊಂಡು ಮಿಕ್ಕಿದ್ದು ಕೆಳಗಿನೋರಿಗೆ ಸಿಗೋದನ್ನ ನೋಡಿ ಬೆಳೆದ ಮಕ್ಳಿಗೆ ಆ ಲೆಕ್ಕಾಚಾರ ಎಷ್ಟು ಸಹಜ ಅನ್ನೋದು ನನಗೆ ಆಮೇಲೆ ಹೊಳೀತು. ಬಲ್ಬುಗಳ ರೋಧ (ಕರೆಂಟಿಗೆ ಅಡ್ಡಿ ಮಾಡೋ ಗುಣ) ಬೇರೆ ಬೇರೆ ಇರುತ್ತೆ ಅಂತ ನಾನು ಹೇಳಿದೆ, ಬರ್ಕೊಂಡ್ರು, ಒಪ್ಪಲಿಲ್ಲ.

ಅವತ್ತು ಸಾಯಂಕಾಲ ಊರಿಗೆ ಬರೋ ಬಸ್ಸಲ್ಲಿ (ಶಕ್ತಿ ಯೋಜನೆ ಬಂದ ಮೇಲೆ ಸೀಟು ಸಿಗೋದು ಕಷ್ಟ, ಅವತ್ತು ಕಿಟಕಿ ಸೀಟೇ ಸಿಕ್ಕಿತ್ತು) ವಿಜ್ಞಾನ ಮೇಷ್ಟ್ರುಗಳ ಒಂದು ಟೆಲಿಗ್ರಾಂ ಗುಂಪಲ್ಲಿ ಇದನ್ನ ಇದ್ದಂಗೆ ಬರೆದು ಹಾಕಿದೆ. ಆ ಗುಂಪಿಗೆ ನನ್ನ ಸೇರ್ಸಿದ್ದು ಅದೇ ಗಣಿತ ಮೇಡಂ, ಅಲ್ಲಿವರೆಗೂ ನಾನು ಬರೀ ಓದ್ಕೊಂಡಿದ್ದೆ, ಬಾಯಿ ಬಿಟ್ಟಿರ್ಲಿಲ್ಲ. ಬೀದರ್ ಕಡೆಯ ಒಬ್ರು ಸರ್ ಒಂದೇ ಸಾಲು ಬರೆದ್ರು: ವಿವರಣೆ ಕೊಡಬ್ಯಾಡ್ರಿ, ಆ ಹುಡುಗನ ಕೈಲೇ ಬಲ್ಬಿನ ಜಾಗ ಅದಲುಬದಲು ಮಾಡಿಸ್ರಿ. ಅದರ ಕೆಳಗೆ ಇನ್ನೊಬ್ರು ಮೇಡಂ, ಅದಕ್ಕಿಂತ ಮುಂಚೆ ಸೆಲ್ ತಿರುಗಿಸಿ ಹಾಕಿಸಿ, ಕರೆಂಟ್ ಆ ಕಡೆಯಿಂದ ಬಂದ್ರೆ ಏನಾಗುತ್ತೆ ಅಂತ ಮೊದ್ಲು ಊಹೆ ಬರೆಸಿ, ಆಮೇಲೆ ಸ್ವಿಚ್ ಹಾಕಿ ಅಂದ್ರು. ಮಾರನೇ ದಿನ ಹಂಗೇ ಮಾಡಿದೆ. ಎಲ್ರೂ ಊಹೆ ಬರೆದ್ರು, ಸೆಲ್ ತಿರುಗಿಸಿದ್ವಿ, ಜೋರಾಗಿ ಉರೀತಿದ್ದ ಬಲ್ಬು ಹಂಗೇ ಜೋರಾಗಿ ಉರೀತು. ಜಾಗ ಬದಲಾಯಿಸಿದ್ವಿ, ಜೋರಿನ ಬಲ್ಬು ಎರಡನೇ ಜಾಗಕ್ಕೆ ಹೋದ್ರೂ ಜೋರಾಗೇ ಉರೀತು. ಹಿಂದಿನ ಬೆಂಚಿನೋನು ಸುಮ್ನೆ ಎರಡೂ ಬಲ್ಬನ್ನ ಕೈಯಲ್ಲಿ ತಗೊಂಡು ತಿರುಗಿಸಿ ತಿರುಗಿಸಿ ನೋಡಿ, ಹಂಗಾರೆ ಬಲ್ಬಲ್ಲೇ ಏನೋ ಐತೆ ಮಿಸ್ ಅಂದ. ರೋಧ ಅನ್ನೋ ಪಾಠ ಅಲ್ಲಿಂದ ಶುರುವಾಯ್ತು.

ಇದನ್ನ ವಾಪಸ್ ಗುಂಪಲ್ಲಿ ಬರೆದೆ. ಆಗ ಬೀದರ್ ಸರ್ರು ಇನ್ನೊಂದು ಹೇಳಿದ್ರು, ಅದೇ ಎರಡು ಬಲ್ಬನ್ನ ಈಗ ಸಮಾಂತರದಲ್ಲಿ ಹಾಕ್ರಿ, ಮಜಾ ನೋಡ್ರಿ ಅಂತ, ಅಂದ್ರೆ ಒಂದೊಂದು ಬಲ್ಬಿಗೂ ಸೆಲ್ಲಿಂದ ಬೇರೆ ಬೇರೆ ದಾರಿ. ಸಮಾಂತರದಲ್ಲಿ ಹಾಕಿದ್ರೆ ಮೊದ್ಲು ಮಿಣಿಮಿಣಿ ಅಂತಿದ್ದದ್ದೇ ಜಾಸ್ತಿ ಉರಿಯುತ್ತೆ, ಯಾಕಂದ್ರೆ ಅದರ ರೋಧ ಕಮ್ಮಿ, ಸರಣಿಯಲ್ಲಿ ರೋಧ ಜಾಸ್ತಿ ಇರೋದು ಗೆಲ್ಲುತ್ತೆ, ಸಮಾಂತರದಲ್ಲಿ ಕಮ್ಮಿ ಇರೋದು. ಡಿಗ್ರಿಲಿ ಸೂತ್ರ ಹಾಕಿ ಮಾರ್ಕ್ಸ್ ತಗೊಂಡಿದ್ದ ವಿಷಯ, ಕಣ್ಣಲ್ಲಿ ನೋಡಿದ್ದು ಅವತ್ತೇ. ಚಿತ್ರದುರ್ಗದ ಒಬ್ಳು ಪ್ರಶಿಕ್ಷಣಾರ್ಥಿ ನನ್ನ ಮೆಸೇಜ್ ನೋಡಿ ಅವಳ ಶಾಲೇಲೂ ಮಾಡಿದ್ಳು, ಅವಳಿಗೆ ಸಿಕ್ಕ ಬಲ್ಬುಗಳು ಎರಡೂ ಒಂದೇ ಥರ ಉರಿದು ಪಾಠವೇ ಚಪ್ಪೆ ಆಯ್ತಂತೆ, ಬೇಕಂತಲೇ ಬೇರೆ ಬೇರೆ ಅಂಗಡಿ ಬಲ್ಬು ಹುಡ್ಕೋಕೆ ಹೋದ್ಳು. ನಾವಿಬ್ರೂ ಈಗ ವಾರಕ್ಕೆರಡು ಸಲ ಪಾಠದ ಬಗ್ಗೆ ಮಾತಾಡ್ತೀವಿ, ಮುಖ ನೋಡಿರೋದು ವಿಡಿಯೋ ಕಾಲಲ್ಲಿ ಮಾತ್ರ. ನಿವೃತ್ತ ಮೇಷ್ಟ್ರು ಸ್ಟಾಫ್ ರೂಮಲ್ಲಿ ನೋಡಿದ ಹುಡುಗಿ ಇದನ್ನೇ ಮಾಡ್ತಿದ್ದಿರಬಹುದು ಅಂತ ನಾನು ಹೇಳ್ತಿಲ್ಲ, ಬಹುಶಃ ರೀಲ್ಸೇ ನೋಡ್ತಿದ್ಳು. ಆದ್ರೆ ಹೊರಗಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ.

ಕೆಲವ್ರು ಕೇಳ್ತಾರೆ, ಈಗ ಇದಕ್ಕೆಲ್ಲ ಜನ ಯಾಕೆ, ಚಾಟ್‌ಜಿಪಿಟಿಗೆ ಕೇಳಿದ್ರೆ ಲೆಸನ್ ಪ್ಲಾನೇ ಬರ್ಕೊಡುತ್ತಲ್ಲ ಅಂತ. ಬರ್ಕೊಡುತ್ತೆ, ನಮ್ಮ ಕ್ಲಾಸಲ್ಲಿ ಎಷ್ಟೋ ರೆಕಾರ್ಡುಗಳು ಹಂಗೇ ತುಂಬಿವೆ, ಬೇಕಾದ್ರೆ ನೋಡಿ ಎಲ್ಲರ ಪ್ರಸ್ತಾವನೆನೂ ಅಣ್ಣತಮ್ಮಂದಿರ ಥರ ಇರ್ತವೆ. ನಾನೂ ಅದನ್ನ ಬಳಸ್ತೀನಿ, ಇಂಗ್ಲಿಷ್ ಓದಿ ಅರ್ಥ ಮಾಡ್ಕೊಳ್ಳೋಕೆ. ಆದ್ರೆ ಅದು ನನ್ನ ಬಲ್ಬ್ ಏನಾಯ್ತು ಅಂತ ಮಾರನೇ ದಿನ ವಿಚಾರಿಸಲ್ಲ. ಬೀದರ್ ಸರ್ ಎರಡು ದಿನ ಬಿಟ್ಟು, ಹುಡುಗ ಏನಂದ ಅಂತ ಕೇಳಿದ್ರು.

ಇಂಥ ಜಾಲ ಕಟ್ಕೊಳ್ಳೋದು ಹೆಂಗೆ ಅಂತ ನಮ್ಮ ಜೂನಿಯರ್‌ಗಳು ಕೇಳಿದಾಗ ನಾನು ಮೊದ್ಲು ಹೇಳೋದು ಸಂಖ್ಯೆ ಮರೆತುಬಿಡಿ ಅಂತ. ಐನೂರು ಜನರನ್ನ ಫಾಲೋ ಮಾಡಿದ್ರೆ ಏನೂ ಆಗಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಕೊಡೋ ಐದು ಜನ ಸಾಕು, ಆದ್ರೆ ಆ ಐದು ಜನ ಒಂದೇ ಥರದೋರು ಆಗಿರಬಾರ್ದು. ನಿಮ್ಮ ಮೆಥಡ್ಡಿನ ಹಳೇ ಮೇಷ್ಟ್ರು ಒಬ್ರು ಬೇಕು, ನಿಮ್ಮಂಗೇ ಒದ್ದಾಡ್ತಿರೋ ಬೇರೆ ಜಿಲ್ಲೆಯ ಪ್ರಶಿಕ್ಷಣಾರ್ಥಿ ಒಬ್ರು ಬೇಕು, ಪ್ರೈಮರಿಯೋರು ಒಬ್ರು ಬೇಕು (ಹೈಸ್ಕೂಲ್ ಹುಡುಗನಿಗೆ ಭಿನ್ನರಾಶಿ ಬರ್ದಿದ್ರೆ ಎಲ್ಲಿ ತಪ್ಪಿತು ಅಂತ ಗೊತ್ತಿರೋದು ಅವ್ರಿಗೆ), ಶಿಕ್ಷಕರೇ ಅಲ್ಲದ ಒಬ್ರು ಇದ್ರೆ ಇನ್ನೂ ಒಳ್ಳೇದು, ನನ್ನ ಲಿಸ್ಟಲ್ಲಿ ಹೊಸದುರ್ಗ ಕಡೆ ಗಾಳಿ ಯಂತ್ರ ರಿಪೇರಿ ಮಾಡೋ ಅಣ್ಣ ಒಬ್ರಿದಾರೆ, ವಿದ್ಯುಜ್ಜನಕದ ಪಾಠಕ್ಕೆ ಅವ್ರು ಕಳಿಸಿದ ಫೋಟೋಗಳೇ ಪಾಠ ಆದ್ವು.

ಮತ್ತೆ, ಪ್ರಶ್ನೆ ಕೇಳೋ ರೀತಿ. ಯಾರಾದ್ರೂ ವಿದ್ಯುತ್ ಪಾಠದ ಟಿಎಲ್‌ಎಂ (ಪಾಠೋಪಕರಣ) ಇದ್ರೆ ಕಳ್ಸಿ ಪ್ಲೀಸ್ ಅಂದ್ರೆ ಪಿಡಿಎಫ್ ಬರುತ್ತೆ, ಅಷ್ಟೇ. ಯಾವ ಕ್ಲಾಸು, ಎಷ್ಟು ಮಕ್ಳು, ನಾನು ಏನು ಮಾಡಿದೆ, ಮಕ್ಳು ಬಾಯಲ್ಲಿ ಏನಂದ್ರು, ಆ ಮಾತನ್ನ ತಿದ್ದದೆ ಅವರಂದಂಗೇ ಬರೆದ್ರೆ ಓದಿದ ಮೇಷ್ಟ್ರಿಗೆ ತನ್ನ ಕ್ಲಾಸು ನೆನಪಾಗುತ್ತೆ, ಕೈ ತಾನಾಗೇ ಟೈಪ್ ಮಾಡೋಕೆ ಹೋಗುತ್ತೆ. ಆಮೇಲೆ ಅವ್ರು ಹೇಳಿದ್ದನ್ನ ಮಾಡಿ ನೋಡಿ ಆಯ್ತೋ ಇಲ್ವೋ ವಾಪಸ್ ಬಂದು ಹೇಳ್ಬೇಕು, ಇದನ್ನ ನಮ್ಮೋರು ಮಾಡೋದೇ ಇಲ್ಲ, ಉತ್ತರ ಸಿಕ್ಕಿದ ತಕ್ಷಣ ಕೈ ಮುಗಿಯೋ ಎಮೋಜಿ ಹಾಕಿ ಮಾಯ.

ಇಂಗ್ಲಿಷ್ ಭಯ ಒಂದಿದೆ. ದೊಡ್ಡ ದೊಡ್ಡ ಶಿಕ್ಷಕರ ಚರ್ಚೆಗಳು ನಡೆಯೋದು ಇಂಗ್ಲಿಷಲ್ಲಿ, ಅಲ್ಲಿನೋರ ಕ್ಲಾಸಲ್ಲಿ ಪ್ರೊಜೆಕ್ಟರ್, ಮಗುಗೊಂದು ಟ್ಯಾಬ್ ಇರುತ್ತೆ, ನಮ್ಮಲ್ಲಿ ಸೀಮೆಸುಣ್ಣ ಲೆಕ್ಕ ಹಾಕಿ ಕೊಡ್ತಾರೆ. ಆದ್ರೂ ಅವನ್ನ ಬಿಡಬೇಡಿ, ಓದಿ, ಮಕ್ಳು ತಪ್ಪಾಗಿ ತಿಳ್ಕೊಳ್ಳೋ ರೀತಿ ಬಹಳಷ್ಟು ಎಲ್ಲಾ ದೇಶದಲ್ಲೂ ಒಂದೇ ಇದೆ. ಕರೆಂಟನ್ನ ಮೊದಲ ಬಲ್ಬೇ ತಿಂದುಬಿಡುತ್ತೆ ಅನ್ನೋ ಮಕ್ಳು ಅಮೆರಿಕದಲ್ಲೂ ಇದಾರೆ, ಕೊಲೊರಾಡೊ ಯೂನಿವರ್ಸಿಟಿಯ ಫೆಟ್ ಸಿಮ್ಯುಲೇಶನ್‌ಗಳು (ಕಂಪ್ಯೂಟರ್ ಪರದೆ ಮೇಲೆ ಮಾಡೋ ಪ್ರಯೋಗಗಳು) ಇಂಥ ತಪ್ಪು ತಿಳುವಳಿಕೆಗಳನ್ನ ಅಧ್ಯಯನ ಮಾಡಿದೋರೇ ಮಾಡಿರೋದು, ಪುಕ್ಕಟೆ ಸಿಗುತ್ತೆ, ಕೆಲವು ಕನ್ನಡದಲ್ಲೂ ಇವೆ. ಪ್ರಥಮ್ ಬುಕ್ಸ್‌ನೋರ ಸ್ಟೋರಿವೀವರ್‌ನಲ್ಲಿ ಕನ್ನಡ ಕತೆಗಳು ಇವೆ, ನಾವೇ ಅನುವಾದ ಮಾಡಿ ಹಾಕಬಹುದು, ಭಾಷಾ ಮೆಥಡ್ಡಿನೋರು ಶುರು ಮಾಡೋಕೆ ಅದಕ್ಕಿಂತ ಸುಲಭದ ಜಾಗ ನನಗೆ ಗೊತ್ತಿಲ್ಲ. ಓದೋದು ಇಂಗ್ಲಿಷಲ್ಲಾದ್ರೂ ಬರೆಯೋದು ಕನ್ನಡದಲ್ಲಿ ಬರೀರಿ ಅಂತ ನಾನು ಹೇಳ್ತೀನಿ, ಯಾಕಂದ್ರೆ ಕನ್ನಡ ಮೀಡಿಯಂ ಕ್ಲಾಸಲ್ಲಿ ಆಗೋ ತೊಂದ್ರೆ ಕನ್ನಡದಲ್ಲೇ ಆಗಿರುತ್ತೆ.

ನಾವಿನ್ನೂ ಟ್ರೈನಿಗಳು, ನಾವೇನು ಕೊಡೋಕಾಗುತ್ತೆ ಅಂತ ಫ್ರೆಂಡ್ಸ್ ಕೇಳ್ತಾರೆ. ಅಯ್ಯೋ, ನಮ್ಮ ದಾವಣಗೆರೆ, ಚಿತ್ರದುರ್ಗ ಎರಡು ಜಿಲ್ಲೆಯಲ್ಲಿ ಇರೋದನ್ನ ಕೊಟ್ರೇ ಸಾಕು. ರಾಜ್ಯದ ಎಲ್ಲಾ ಮಕ್ಳೂ ಅಶೋಕನ ಶಾಸನದ ಬಗ್ಗೆ ಓದ್ತಾರೆ, ಬ್ರಹ್ಮಗಿರಿ ಇರೋದು ನಮ್ಮ ಮೊಳಕಾಲ್ಮೂರು ತಾಲೂಕಲ್ಲಿ, ಪಕ್ಕದಲ್ಲೇ ಸಿದ್ದಾಪುರ, ಜಟಿಂಗ ರಾಮೇಶ್ವರ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಇವನ್ನ ಪತ್ತೆ ಮಾಡಿದ್ದು, 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಲೂ ಚಂದ್ರವಳ್ಳಿಲೂ ಅಗೆಸಿದ್ದು. ಮಂಗಳೂರಲ್ಲಿ ಕೂತಿರೋ ಸಮಾಜ ಮೇಷ್ಟ್ರಿಗೆ ಆ ಬಂಡೆ ಎಷ್ಟು ದೊಡ್ಡದು, ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತ್ರೆ ಹೆಂಗೆ ಕಾಣುತ್ತೆ, ಸುತ್ತ ಏನಿದೆ ಅಂತ ಒಂದು ಸರಿಯಾದ ಫೋಟೋ ಬೇಕು, ಅದು ನಮ್ಮ ಕೈಯಲ್ಲಿ ಆಗೋ ಕೆಲ್ಸ, ವಿಕಿಮೀಡಿಯ ಕಾಮನ್ಸ್‌ನಲ್ಲಿ ಹಾಕಿಬಿಟ್ರೆ ಯಾರು ಬೇಕಾದ್ರೂ ತಗೊಳ್ಳಬಹುದು. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿತ್ತಲ್ಲ, ಮತ್ತೆ 2025ರ ಜನವರಿಲೂ ಬಿತ್ತು, ಆ ಮೂರು ವರ್ಷಗಳನ್ನ ಬೋರ್ಡ್ ಮೇಲೆ ಬರೆದು, ಮೊದಲನೇ ಎರಡರ ನಡುವೆ 89 ವರ್ಷ, ಆಮೇಲೆ ಮೂರು ವರ್ಷದೊಳಗೆ ಇನ್ನೊಂದು, ಯಾಕಿರಬಹುದು ಅಂತ ಕೇಳಿದ್ರೆ ಮಳೆ, ಭದ್ರಾ ನೀರು, ಕೆರೆ, ಬರ ಎಲ್ಲಾ ಚರ್ಚೆಗೆ ಬರುತ್ತೆ. ಇದನ್ನ ಪಾಠ ಮಾಡಿ ಹಂಚ್ಕೊಳ್ಳೋಕೆ ನಮಗಿಂತ ಹತ್ರದೋರು ಯಾರಿದಾರೆ. ಚಳ್ಳಕೆರೆ ಹತ್ರ ಕುದಾಪುರದ ಐಐಎಸ್‌ಸಿ ಕ್ಯಾಂಪಸ್‌ನಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡೋ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ಇದೆ, ಅಲ್ಲಿಗೆ ಹೋಗಿ ಬಂದ ಮೇಷ್ಟ್ರುಗಳು ನಮ್ಮ ತಾಲೂಕಲ್ಲೇ ಸಿಗ್ತಾರೆ, ಅಲ್ಲಿ ಮಾಡಿದ ಪ್ರಯೋಗಗಳ ಬಗ್ಗೆ ಅವರನ್ನ ಕೂರಿಸ್ಕೊಂಡು ಕೇಳಿ ಬರೆದು ಹಾಕಿದ್ರೂ ಒಂದು ಕೆಲ್ಸ ಆಯ್ತು.

ಆದ್ರೆ ಮಕ್ಕಳ ಫೋಟೋ ಹಾಕಬೇಡಿ ಮಾರಾಯ್ರೇ. ಇದನ್ನ ನಾನು ಜೋರಾಗೇ ಹೇಳ್ತೀನಿ. ಇಂಟರ್ನ್‌ಶಿಪ್ ಶುರುವಾದ ತಕ್ಷಣ ಮೈ ಕ್ಲಾಸ್ ಮೈ ಕಿಡ್ಸ್ ಅಂತ ರೀಲ್ಸು, ಹಿಂದೆ ಹಾಡು, ತಪ್ಪು ಓದಿದ ಮಗು ಮುಖ ಝೂಮ್ ಮಾಡಿ ನಗೋ ಎಮೋಜಿ. ಅದು ಕಲಿಕೆ ಜಾಲ ಅಲ್ಲ, ಆ ಮಗು ಹೆಸರಲ್ಲಿ ಲೈಕ್ ತಗೊಳ್ಳೋದು. 2023ರ ಡಿಜಿಟಲ್ ಡೇಟಾ ಕಾಯ್ದೆ ಪ್ರಕಾರ 18 ವರ್ಷದೊಳಗಿನೋರ ವೈಯಕ್ತಿಕ ಮಾಹಿತಿ ಬಳಸೋಕೆ ತಂದೆತಾಯಿ ಒಪ್ಪಿಗೆ ಬೇಕು ಅನ್ನೋದು ಹಂಗಿರ್ಲಿ, ಕಾಯ್ದೆ ಇಲ್ದಿದ್ರೂ ಅದು ಮಾಡೋ ಕೆಲ್ಸ ಅಲ್ಲ. ನೋಟ್‌ಬುಕ್ಕಿನ ಪುಟ ಹಾಕಿ, ಹೆಸರು ಮುಚ್ಚಿ. ಮಗು ಹೇಳಿದ ಮಾತು ಹಾಕಿ, ಯಾವ ಮಗು ಅಂತ ಬೇಡ.

ಹುಡುಗೀರಿಗೆ ಇನ್ನೊಂದು ತಲೆನೋವಿದೆ, ಅದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ. ವಾಟ್ಸಾಪ್ ಗ್ರೂಪಲ್ಲಿ ಸೇರಿದ್ರೆ ನಂಬರ್ ಎಲ್ರಿಗೂ ಕಾಣುತ್ತೆ, ಒಂದು ಪ್ರಶ್ನೆ ಕೇಳಿದ್ರೆ ಗ್ರೂಪಲ್ಲಿ ಉತ್ತರ ಬರಲ್ಲ, ರಾತ್ರಿ ಹತ್ತು ಗಂಟೆಗೆ ಪರ್ಸನಲ್ಲಾಗಿ ಹಾಯ್ ಮೇಡಂ ಊಟ ಆಯ್ತಾ ಅಂತ ಬರುತ್ತೆ. ನನ್ನ ಜೊತೆಗಿದ್ದ ಇಬ್ರು ಇದೇ ಕಾರಣಕ್ಕೆ ಎಲ್ಲಾ ಗ್ರೂಪಿಂದ ಎದ್ದು ಹೋದ್ರು, ಮನೇಲಿ ಗೊತ್ತಾದ್ರೆ ಫೋನೇ ಕಿತ್ಕೊಳ್ತಾರೆ ಅನ್ನೋ ಭಯ ಬೇರೆ. ಟೆಲಿಗ್ರಾಂನಲ್ಲಿ ಸೆಟ್ಟಿಂಗ್ಸಲ್ಲಿ ನಂಬರ್ ಮುಚ್ಚಬಹುದು, ಅದನ್ನ ಮೊದ್ಲ ದಿನವೇ ಮಾಡಿ. ಆದ್ರೆ ಇದು ನಮ್ಮ ಸೆಟ್ಟಿಂಗಿಂದ ಮುಗಿಯೋ ವಿಷಯ ಅಲ್ಲ, ಗ್ರೂಪ್ ಅಡ್ಮಿನ್ ಆಗಿರೋ ಹಿರಿಯ ಶಿಕ್ಷಕರು, ಪಾಠದ ಪ್ರಶ್ನೆಗೆ ಗ್ರೂಪಲ್ಲೇ ಉತ್ತರ, ಪರ್ಸನಲ್ ಮೆಸೇಜ್ ಮಾಡಿದೋರು ಹೊರಗೆ ಅಂತ ಒಂದು ನಿಯಮ ಹಾಕಿ ಪಾಲಿಸಬೇಕು. ನಾನಿರೋ ಗುಂಪಲ್ಲಿ ಹಾಕಿದಾರೆ, ಅದಕ್ಕೇ ಅಲ್ಲಿ ಅರ್ಧಕ್ಕರ್ಧ ಮೇಡಂಗಳು ಮಾತಾಡ್ತಾರೆ.

ಇನ್ನು ನೌಕರಿಲಿರೋ ಶಿಕ್ಷಕರಿಗೆ ಒಂದು ಮಾತು. ನಿಮ್ಮ ಸಿಆರ್‌ಸಿ (ಅಕ್ಕಪಕ್ಕದ ಶಾಲೆಗಳ ಕ್ಲಸ್ಟರ್ ಕೇಂದ್ರ) ಸಮಾಲೋಚನಾ ಸಭೆಗಳು ನಡೀತವೆ, ಅಲ್ಲಿಗೆ ಇಂಟರ್ನ್‌ಶಿಪ್ ಮಾಡ್ತಿರೋ ನಮ್ಮನ್ನ ಯಾರೂ ಕರೆಯಲ್ಲ, ಆ ಕ್ಲಸ್ಟರಿನ ಗ್ರೂಪಿಗೂ ಸೇರಿಸಲ್ಲ, ನೀವಿನ್ನೂ ಟ್ರೈನಿಗಳಮ್ಮ ಅಂತಾರೆ. ಅಲ್ಲೂ ಮುಕ್ಕಾಲು ಭಾಗ ಮಾಹಿತಿ ಕಳ್ಸಿ, ಇವತ್ತು ಸಂಜೆ ಒಳಗೆ ಅಪ್‌ಲೋಡ್ ಮಾಡಿ ಅನ್ನೋ ಮೆಸೇಜೇ ಇರುತ್ತೆ ಅಂತ ನಮಗೂ ಗೊತ್ತು. ಉಳಿದ ಕಾಲು ಭಾಗಕ್ಕಾದ್ರೂ ನಮ್ಮನ್ನ ಸೇರಿಸಿ. ಆನ್‌ಲೈನಲ್ಲಿ ಬರೆಯೋಕೆ ಕೆಲವು ಸರ್ಕಾರಿ ಶಿಕ್ಷಕರು ಹೆದರ್ತಾರೆ, 2021ರ ನಡತೆ ನಿಯಮ ತೋರಿಸ್ತಾರೆ. ಸರ್ಕಾರದ ನೀತಿನ ಟೀಕೆ ಮಾಡಿದ್ರೆ ತೊಂದ್ರೆ ಆಗಬಹುದು ಸರಿ, ಆದ್ರೆ ಭಿನ್ನರಾಶಿ ಹೆಂಗೆ ಹೇಳ್ಕೊಟ್ರಿ ಅಂತ ಬರೆದ್ರೆ ಯಾವ ನೋಟಿಸ್ ಬರುತ್ತೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ಅಭಿವೃದ್ಧಿಗೆ ಕೊಡ್ಬೇಕು ಅನ್ನುತ್ತೆ, ಈಗ ಅದು ಬಹಳ ಸಲ ಸರ್ಕಾರದ ಆನ್‌ಲೈನ್ ಕಲಿಕೆ ತಾಣ ದೀಕ್ಷಾದಲ್ಲಿ ವಿಡಿಯೋ ಓಡಿಸಿ ಪಕ್ಕಕ್ಕಿಟ್ಟು ಸರ್ಟಿಫಿಕೇಟ್ ಡೌನ್‌ಲೋಡ್ ಮಾಡೋದಾಗಿದೆ. ದೀಕ್ಷಾದಲ್ಲಿ ಒಳ್ಳೇ ವಿಡಿಯೋ ಇಲ್ಲ ಅಂತಲ್ಲ, ಇವೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ನಾನೂ ಬಳಸ್ತೀನಿ. ವಿಡಿಯೋಗೆ ತಿರುಗಿ ಪ್ರಶ್ನೆ ಕೇಳೋಕಾಗಲ್ಲ, ಅದೇ ಕೊರತೆ.

ಕಾಲೇಜುಗಳಿಗೆ ನನ್ನ ಬೇಡಿಕೆ ಸಣ್ಣದು. ಎರಡು ವರ್ಷದ ಬಿ.ಎಡ್‌ನಲ್ಲಿ 20 ವಾರ ಶಾಲೆ ಅನುಭವಕ್ಕೆ ಅಂತ ಎನ್‌ಸಿಟಿಇ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಇಟ್ಟಿದೆ, ಪಾಠಕ್ಕೆ ಕಂಪ್ಯೂಟರ್ ಬಳಸೋದರ ಬಗ್ಗೆ ಐಸಿಟಿ ಅಂತ ಒಂದು ಪೇಪರೂ ಇದೆ. ಐಸಿಟಿಲಿ ನಾವು ಮಾಡಿದ್ದು ಏನಂದ್ರೆ ಪವರ್‌ಪಾಯಿಂಟ್ ಸ್ಲೈಡು ಮಾಡಿ ಕಲರ್ ಪ್ರಿಂಟ್ ತೆಗೆದು ರೆಕಾರ್ಡಿಗೆ ಅಂಟಿಸಿದ್ದು, ಬೈಂಡಿಂಗ್ ಖರ್ಚು ಬೇರೆ. ಆ ರೆಕಾರ್ಡಿನ ಒಂದು ಭಾಗ ಬಿಟ್ಟು, ಇಂಟರ್ನ್‌ಶಿಪ್ ಮುಗಿಯೋದರೊಳಗೆ ನಿನ್ನ ಕ್ಲಾಸಿನ ಮೂರು ನಿಜವಾದ ಪ್ರಶ್ನೆ ಹೊರಗಿನ ಶಿಕ್ಷಕರಿಗೆ ಕೇಳಿ, ಬಂದ ಉತ್ತರ ಮಾಡಿ ನೋಡಿ, ಏನಾಯ್ತು ಬರ್ಕೊಂಡು ಬಾ, ಬೇರೆಯವರ ಮೂರು ಪ್ರಶ್ನೆಗೆ ನೀನೂ ಉತ್ತರ ಕೊಡು ಅಂತ ಹೇಳಿದ್ರೆ ಸಾಕು. ಕಾಲೇಜಿನ ಗ್ರೂಪಲ್ಲೇ ಮಾಡಿ ಅನ್ನಬೇಡಿ, ಅದು ರಿಸಲ್ಟ್ ಬಂದ ವಾರವೇ ಸಾಯುತ್ತೆ, ಎಲ್ರೂ ಲೆಫ್ಟ್. ಆಮೇಲೆ ಬಿ.ಎಡ್ ಮುಗಿಸಿದ ಹುಡುಗಿ ಯಾವುದೋ ಹಳ್ಳಿ ಶಾಲೇಲಿ, ಅಥವಾ ತಿಂಗಳಿಗೆ ಎಷ್ಟೋ ಕೊಡೋ ಖಾಸಗಿ ಶಾಲೇಲಿ, ಇಡೀ ಶಾಲೆಗೆ ಒಬ್ಳೇ ವಿಜ್ಞಾನದೋಳು, ಕೇಳೋಕೆ ಪಕ್ಕದಲ್ಲಿ ಯಾರೂ ಇರಲ್ಲ. ಜಾಲ ಬೇಕಾಗೋದು ಆಗ, ಕಟ್ಟೋಕೆ ಟೈಮ್ ಇರೋದು ಈಗ.

ಕೊನೇದಾಗಿ ನಿಮಗೇ ಒಂದು ಬೇಡಿಕೆ ಸಂಪಾದಕರೇ, ಕತ್ತರಿ ಹಾಕಬೇಡಿ ಅಂದಿದ್ದು ಇದಕ್ಕೇ. ಇಂಟರ್ನೆಟ್ ಸರಿಯಾಗಿ ಸಿಗದ ಹಳ್ಳಿಗೂ ನಿಮ್ಮ ಪತ್ರಿಕೆ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೆ, ಸ್ಟಾಫ್ ರೂಮಲ್ಲಿ ಎಲ್ರೂ ಓದ್ತಾರೆ, ಫೋನ್ ಮುಟ್ಟದ ಹಿರಿಯ ಮೇಷ್ಟ್ರುಗಳೂ ಓದ್ತಾರೆ. ವಾರಕ್ಕೊಂದು ಸಲ, ಶನಿವಾರ ಆದ್ರೆ ಒಳ್ಳೇದು, ಅಂಗೈಯಗಲ ಜಾಗ ಕೊಡಿ. ಒಂದು ಕ್ಲಾಸಿನ ಒಂದು ಪ್ರಶ್ನೆ ಹಾಕಿ, ಮುಂದಿನ ವಾರ ಬಂದ ಉತ್ತರಗಳಲ್ಲಿ ಒಂದೆರಡು ಹಾಕಿ, ಅದರ ಫೋಟೋ ಹೊಡೆದು ನಾವು ಗುಂಪುಗಳಿಗೆ ಹಾಕ್ತೀವಿ, ಗುಂಪಲ್ಲಿ ಬಂದ ಉತ್ತರ ನಿಮಗೆ ಕಳಿಸ್ತೀವಿ.

ಮೊದಲನೇ ಪ್ರಶ್ನೆ ಇಲ್ಲೇ ಕೊಟ್ಟಿರ್ತೀನಿ. ಏಳನೇ ಕ್ಲಾಸು, ಪೂರ್ಣಾಂಕಗಳ ಗುಣಾಕಾರ. ಮೈನಸ್ ಅಂದ್ರೆ ಸಾಲ ಅಂತ ಹೇಳ್ಕೊಟ್ಟಿದ್ದೆ, ಕೂಡೋದು ಕಳೆಯೋದರವರೆಗೂ ಚೆನ್ನಾಗೇ ನಡೀತು. ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ ಅಂದಾಗ ಒಬ್ಬ ಹುಡುಗಿ ಕೇಳಿದ್ಳು, ಸಾಲಾನ ಸಾಲದಿಂದ ಗುಣಿಸಿದ್ರೆ ಆಸ್ತಿ ಹೆಂಗಾಗುತ್ತೆ ಮಿಸ್, ನಮ್ಮಪ್ಪಂಗೆ ಹೇಳ್ಕೊಡಿ ಅಂತ. ಮೈನಸ್ ಎರಡನ್ನ ಮೂರರಿಂದ ಗುಣಿಸಿದ್ರೆ ಮೈನಸ್ ಆರು, ಎರಡರಿಂದ ಮೈನಸ್ ನಾಕು, ಒಂದರಿಂದ ಮೈನಸ್ ಎರಡು, ಸೊನ್ನೆಯಿಂದ ಸೊನ್ನೆ, ಪ್ರತಿ ಸಲ ಎರಡೆರಡು ಜಾಸ್ತಿ ಆಗ್ತಿದೆ ನೋಡು, ಹಂಗಾಗಿ ಮುಂದಿನದು ಪ್ಲಸ್ ಎರಡು ಅಂತ ಸಾಲಾಗಿ ಬರೆದು ತೋರಿಸಿದೆ. ಸೊನ್ನೆ ಆದ್ಮೇಲೂ ಅದು ಹಂಗೇ ಹೋಗ್ಬೇಕು ಅಂತ ಯಾರು ಹೇಳಿದ್ರು ಮಿಸ್ ಅಂದ್ಳು. ಈ ಪಾಠ ಮಾಡಿರೋ ಮೇಷ್ಟ್ರುಗಳು ಮೇಡಮ್ಮುಗಳು, ನಿಮ್ಮ ಕ್ಲಾಸಲ್ಲಿ ಇದಕ್ಕೆ ಏನು ಮಾಡಿದ್ರಿ, ಮಕ್ಳು ಏನಂದ್ರು, ಪತ್ರಿಕೆಗೆ ಬರೆದು ತಿಳಿಸಿ.

ಇಂತಿ,
ಬಿ.ಎಡ್ ಪ್ರಶಿಕ್ಷಣಾರ್ಥಿ, ದಾವಣಗೆರೆ